ಗೊತ್ತಿದ್ದ ಪದಗಳನ್ನೇ ಮತ್ತೆ ಕಲಿತ ವರ್ಷ

ಸಮಾಜ, ಸಮುದಾಯ, ಸಂಘ, ಸಂಸ್ಥೆ, ಅಂತಸ್ತು, ಪಾತ್ರ. ಮೊದಲ ವರ್ಷದ ಸಮಾಜಶಾಸ್ತ್ರದ ಮೊದಲ ಘಟಕದಲ್ಲಿ ಇದ್ದದ್ದು ಇಂಥವೇ ಪದಗಳು. ಎಲ್ಲವೂ ದಿನಬಳಕೆಯವು, ಇದರಲ್ಲಿ ಓದುವುದೇನಿದೆ ಎಂದು ಇಡೀ ತರಗತಿಗೇ ಅನಿಸಿತ್ತು. ಕಿರುಪರೀಕ್ಷೆಯಲ್ಲಿ ಅಂಕ ಹೋದದ್ದೂ ಅಲ್ಲೇ. ಕೇಳರಿಯದ ಪದಕ್ಕೆ ಅರ್ಥ ಹೇಳಿಕೊಟ್ಟರೆ ತಲೆಯಲ್ಲಿ ನಿಲ್ಲುತ್ತದೆ. ಚಿಕ್ಕಂದಿನಿಂದ ಆಡುತ್ತ ಬಂದ ಪದದ ಹಳೆಯ ಅರ್ಥ ಮಾತ್ರ ಉತ್ತರ ಬರೆಯುವಾಗ ತಾನಾಗಿ ನುಸುಳಿಬಿಡುತ್ತದೆ. ಈಗ ಅದೇ ಬೆಂಚುಗಳಲ್ಲಿ ಕೂತಿರುವವರಿಗಾಗಿ, ನಮ್ಮ ಮೇಷ್ಟರು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದ್ದರಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ.

‘ಅಂತಸ್ತು’ ಎಂದೊಡನೆ ಹಣ, ಮರ್ಯಾದೆ, ದೊಡ್ಡಸ್ತಿಕೆ ನೆನಪಾಗುತ್ತವೆ. ಶಾಸ್ತ್ರದಲ್ಲಿ ಅದು ಸಂಬಂಧಗಳ ಜಾಲದಲ್ಲಿ ಒಬ್ಬರಿಗಿರುವ ಸ್ಥಾನ, ಅಷ್ಟೇ. ಮಗಳು ಒಂದು ಅಂತಸ್ತು, ರೋಗಿ ಒಂದು ಅಂತಸ್ತು, ಕೈದಿಯೂ ಒಂದು ಅಂತಸ್ತು. ಮಾನವಶಾಸ್ತ್ರಜ್ಞ ರಾಲ್ಫ್ ಲಿಂಟನ್ 1936ರಲ್ಲಿ ಇದನ್ನು ಅರ್ಪಿತ, ಸಾಧಿತ ಎಂದು ಎರಡಾಗಿ ವಿಂಗಡಿಸಿದರು. ಕೇಳದೆ ಬಂದದ್ದು ಅರ್ಪಿತ, ಪ್ರಯತ್ನದಿಂದ ಗಳಿಸಿದ್ದು ಸಾಧಿತ. ಅರ್ಪಿತ ಎಂದರೆ ಹುಟ್ಟಿನೊಂದಿಗೇ ಬಂದದ್ದು ಎಂದು ಬಹಳ ಮಂದಿ ಬರೆಯುತ್ತಾರೆ, ಅದು ಅರ್ಧ ಮಾತ್ರ ಸರಿ. ಮುದಿತನ ಹುಟ್ಟಿನೊಂದಿಗೆ ಬರುವುದಿಲ್ಲ. ಆದರೂ ಅದು ಅರ್ಪಿತವೇ, ಏಕೆಂದರೆ ಯಾರೂ ಅದನ್ನು ಪ್ರಯತ್ನಪಟ್ಟು ಪಡೆಯುವುದಿಲ್ಲ.

ಅಂತಸ್ತಿಗೆ ತಕ್ಕ ನಡವಳಿಕೆಯೇ ಪಾತ್ರ. ಅಂತಸ್ತಿನಲ್ಲಿ ಇರುತ್ತೇವೆ, ಪಾತ್ರವನ್ನು ನಿರ್ವಹಿಸುತ್ತೇವೆ. ಕ್ರಿಯಾಪದ ಅದಲುಬದಲಾದರೆ ಉತ್ತರವೂ ತಪ್ಪುತ್ತದೆ. ಒಂದು ಅಂತಸ್ತಿಗೆ ಒಂದೇ ಪಾತ್ರ ಇರಬೇಕೆಂದೇನೂ ಇಲ್ಲ. ವೈದ್ಯೆ ರೋಗಿಯೊಡನೆ ಒಂದು ರೀತಿ, ದಾದಿಯೊಡನೆ ಇನ್ನೊಂದು ರೀತಿ, ಆಸ್ಪತ್ರೆಯ ಆಡಳಿತದವರೊಡನೆ ಮತ್ತೊಂದು ರೀತಿ ನಡೆದುಕೊಳ್ಳಬೇಕಾಗುತ್ತದೆ. ಈ ಗುಂಪಿಗೆ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1957ರಲ್ಲಿ ಕೊಟ್ಟ ಹೆಸರು ಪಾತ್ರಗುಚ್ಛ. ಪಾತ್ರ ಸಂಘರ್ಷ ಮತ್ತು ಪಾತ್ರದ ಒತ್ತಡ ಬೆರೆತುಹೋಗುವುದೂ ಇಲ್ಲೇ. ಶಿಕ್ಷಕಿಯ ಸ್ವಂತ ಮಗ ಅವಳದೇ ತರಗತಿಯಲ್ಲಿದ್ದರೆ ತಾಯಿ ಮತ್ತು ಶಿಕ್ಷಕಿ ಎಂಬ ಎರಡು ಅಂತಸ್ತುಗಳು ಎದುರುಬದುರಾಗುತ್ತವೆ, ಅದು ಸಂಘರ್ಷ. ಅದೇ ಶಿಕ್ಷಕಿ ಮಕ್ಕಳಿಗೆ ಧೈರ್ಯವನ್ನೂ ತುಂಬಬೇಕು, ಅಂಕವನ್ನೂ ಕತ್ತರಿಸಬೇಕು. ಅದು ಒಂದೇ ಅಂತಸ್ತಿನ ಒಳಗಿನ ಎಳೆದಾಟ, ಹಾಗಾಗಿ ಒತ್ತಡ. ಉದಾಹರಣೆ ಬರೆಯುವ ಮೊದಲು ಅಂತಸ್ತು ಎಷ್ಟು ಎಂದು ಎಣಿಸಿಕೊಂಡರೆ ಗೊಂದಲ ಉಳಿಯುವುದಿಲ್ಲ.

ಸಂಘ ಮತ್ತು ಸಂಸ್ಥೆಯ ತೊಡಕು ಕನ್ನಡದಲ್ಲಿ ಓದುವವರಿಗೆ ಇನ್ನೂ ಹೆಚ್ಚು, ಏಕೆಂದರೆ ಮಾತಿನಲ್ಲಿ ಕಾಲೇಜನ್ನೂ ಕಂಪನಿಯನ್ನೂ ‘ಸಂಸ್ಥೆ’ ಎಂದೇ ಕರೆಯುತ್ತೇವೆ. ಶಾಸ್ತ್ರದ ಲೆಕ್ಕದಲ್ಲಿ ಅವು ಸಂಘಗಳು. ಒಂದು ಉದ್ದೇಶಕ್ಕಾಗಿ ಸೇರಿದ ಜನ ಸಂಘ; ಆ ಉದ್ದೇಶ ಈಡೇರಲು ನೆಲೆನಿಂತ ನಿಯಮ, ಕ್ರಮಗಳ ಕಟ್ಟು ಸಂಸ್ಥೆ. ಕಾಲೇಜು ಸಂಘ, ಪರೀಕ್ಷೆ ಸಂಸ್ಥೆ. ನಾವು ಸಂಘಕ್ಕೆ ಸೇರಿರುತ್ತೇವೆಯೇ ಹೊರತು ಸಂಸ್ಥೆಗಲ್ಲ ಎಂದು ಸಮಾಜಶಾಸ್ತ್ರಜ್ಞ ಮ್ಯಾಕೈವರ್ ಹೇಳಿದ್ದರ ತಾತ್ಪರ್ಯ ಇದೇ. ಇದರ ಸದಸ್ಯರಾಗಲು ಬರುತ್ತದೆಯೇ ಎಂದು ಕೇಳಿ ನೋಡಿ. ಪರೀಕ್ಷೆಯ ಸದಸ್ಯ ಎಂದು ಯಾರೂ ಹೇಳುವುದಿಲ್ಲ. ಕುಟುಂಬದಲ್ಲಿ ಮಾತ್ರ ಎರಡೂ ಮುಖಗಳಿವೆ: ಒಂದು ನಿರ್ದಿಷ್ಟ ಮನೆಯ ಜನರನ್ನು ನೋಡಿದರೆ ಸಂಘ, ಮದುವೆ ಮತ್ತು ಉತ್ತರಾಧಿಕಾರದ ಕ್ರಮವನ್ನು ನೋಡಿದರೆ ಸಂಸ್ಥೆ.

ಸಮೂಹದ ಪಾಠ ಎಲ್ಲಕ್ಕಿಂತ ರಸವತ್ತಾದದ್ದು. ಬಸ್ಸಿಗೆ ಕಾಯುತ್ತ ನಿಂತ 20 ಜನ ಬರೀ ಜಂಗುಳಿ. ಎಡಗೈ ಬಳಸುವವರೆಲ್ಲ ಸೇರಿ ಒಂದು ಪ್ರವರ್ಗ, ಲಕ್ಷಣ ಒಂದೇ ಆದರೂ ಅವರಿಗೆ ಪರಸ್ಪರ ಪರಿಚಯವೇ ಇಲ್ಲ. ಬಸ್ಸು ಬಾರದೆ ಆ 20 ಜನ ಮಾತಿಗಿಳಿದು, ಮುಂದೇನು ಮಾಡೋಣ ಎಂದು ಒಟ್ಟಾಗಿ ಯೋಚಿಸತೊಡಗಿದರೆ ಸಮೂಹ ಮೊಳೆಯುತ್ತದೆ. ಗಾತ್ರದ ಪ್ರಶ್ನೆಯನ್ನು ಆಳವಾಗಿ ನೋಡಿದವರು ಸಮಾಜಶಾಸ್ತ್ರಜ್ಞ ಗೇಯಾರ್ಗ್ ಸಿಮೆಲ್. ಇಬ್ಬರ ಸಮೂಹದಲ್ಲಿ ಒಬ್ಬರು ಹೊರನಡೆದರೆ ಸಮೂಹವೇ ಇಲ್ಲ. ಮೂರನೆಯವರು ಬಂದೊಡನೆ ಮಧ್ಯಸ್ಥಿಕೆ ಸಾಧ್ಯವಾಗುತ್ತದೆ, ಇಬ್ಬರು ಒಂದಾಗಿ ಒಬ್ಬರನ್ನು ಹೊರಗಿಡುವುದೂ ಸಾಧ್ಯವಾಗುತ್ತದೆ. ಜನರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಜೋಡಿ ಸಂಬಂಧಗಳು ಸಿಗುತ್ತವೆ: 3 ಜನರಲ್ಲಿ 3, 5 ಜನರಲ್ಲಿ 10, 10 ಜನರಲ್ಲಿ 45, ನಮ್ಮ 40 ಜನರ ತರಗತಿಯಲ್ಲಿ 780. ದೊಡ್ಡ ಸಮೂಹ ಬರೆದಿಟ್ಟ ನಿಯಮ, ಪದಾಧಿಕಾರಿ ಎಂದು ಹೋಗುವುದೇಕೆ ಎಂಬುದಕ್ಕೆ ಈ ಲೆಕ್ಕವೇ ಅರ್ಧ ಉತ್ತರ. 1909ರಲ್ಲಿ ಚಾರ್ಲ್ಸ್ ಕೂಲಿ ವಿವರಿಸಿದ ಪ್ರಾಥಮಿಕ ಸಮೂಹದಲ್ಲಿ, ಅಂದರೆ ಮನೆ, ಆಟದ ಗೆಳೆಯರು, ನೆರೆಹೊರೆಗಳಲ್ಲಿ, ಅಷ್ಟು ಸಂಬಂಧಗಳನ್ನೂ ಮುಖಾಮುಖಿಯಾಗಿ ಉಳಿಸಿಕೊಳ್ಳಬಹುದು.

ಲೋಕರೂಢಿ, ನೈತಿಕ ನಿಯಮ ಎಂಬ ವಿಂಗಡಣೆ ವಿಲಿಯಂ ಗ್ರಹಾಂ ಸಮ್ನರ್ 1906ರಲ್ಲಿ ಮಾಡಿದ್ದು. ನಿಯಮ ಮುರಿದಾಗ ಸುತ್ತಲಿನವರು ಏನು ಮಾಡುತ್ತಾರೆ ಎಂದು ನೋಡಿದರೆ ಯಾವುದು ಯಾವುದೆಂದು ತಿಳಿಯುತ್ತದೆ. ಬಾಯಿ ತುಂಬ ಅನ್ನವಿಟ್ಟುಕೊಂಡು ಮಾತಾಡಿದರೆ ಮುಖ ಸಿಂಡರಿಸುತ್ತಾರೆ, ಮರೆಯುತ್ತಾರೆ. ಅಲ್ಲಿ ಮುರಿದದ್ದು ಲೋಕರೂಢಿ. ಹಸುಗೂಸನ್ನು ಬೀದಿಯಲ್ಲಿ ಬಿಟ್ಟುಹೋದರೆ ಯಾರೂ ಮರೆಯುವುದಿಲ್ಲ, ಅಲ್ಲಿ ಮುರಿದದ್ದು ನೈತಿಕ ನಿಯಮ.

ಇವನ್ನೆಲ್ಲ ಕಣ್ಣಿಗೆ ತಂದುಕೊಟ್ಟದ್ದು ಸರದಿ ಸಾಲಿನ ವೀಕ್ಷಣೆ. ಪ್ರಾಯೋಗಿಕ ಕೆಲಸಗಳಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕಲಿಸುವುದು ಇನ್ನೊಂದಿಲ್ಲ. ಜನ ಸಾಲಾಗಿ ನಿಲ್ಲುವ ಸಾರ್ವಜನಿಕ ಜಾಗದಲ್ಲಿ 30 ನಿಮಿಷ ನಿಲ್ಲಬೇಕು. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಕಂಡದ್ದು, ಬಲಕ್ಕೆ ಅದರಿಂದ ಊಹಿಸಿದ್ದು. ಐದೈದು ನಿಮಿಷಕ್ಕೆ ಸಮಯ ನಮೂದಿಸಬೇಕು. ಯಾರ ಹೆಸರನ್ನೂ, ಗುರುತು ಸಿಗುವ ವಿವರವನ್ನೂ ಬರೆಯಬಾರದು. ಯಾರಾದರೂ ನಡುವೆ ನುಗ್ಗಿದಾಗ ಯಾರು ಮೊದಲು ಪ್ರತಿಕ್ರಿಯಿಸಿದರು, ಮಾತಿನಲ್ಲೋ, ನೋಟದಲ್ಲೋ, ಮುಂದೆ ಸರಿದು ಜಾಗ ಮುಚ್ಚಿಯೋ ಎಂಬುದೇ ಮುಖ್ಯ ದಾಖಲೆ. ಬರೆದಿಡದ ನಿಯಮವೊಂದು ಇದೆ ಎಂದು ನಮಗೆ ತೋರಿಸಿಕೊಡುವುದು ಆ ಪ್ರತಿಕ್ರಿಯೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಮೂರು. ಇಡೀ ಜಾಗವನ್ನೇ ನೋಡಹೊರಟು ಯಾವುದೂ ಸರಿಯಾಗಿ ಕಾಣದೆ ಹೋಗುವುದು. ನಾಳೆ ಬರೆಯೋಣ ಎಂದು ಬಿಟ್ಟು, ನೆನಪು ತಾನೇ ಕಟ್ಟಿಕೊಟ್ಟ ಚಿತ್ರವನ್ನು ಬರೆಯುವುದು. ಎಡಭಾಗದಲ್ಲಿ ‘ಅವರಿಗೆ ಸಿಟ್ಟು ಬಂತು’ ಎಂದು ಬರೆಯುವುದು. ಸಿಟ್ಟು ಕಾಣುವುದಿಲ್ಲ, ಹಿಂದಿರುಗಿ ನೋಡಿದ್ದು, ದನಿ ಏರಿದ್ದು ಕಾಣುತ್ತದೆ. ಆದ್ದರಿಂದ ಒಂದೇ ಸಾಲನ್ನು ಇಬ್ಬರು ಬೇರೆ ಬೇರೆಯಾಗಿ ನೋಡಿ, ಕೊನೆಯಲ್ಲಿ ಪುಟಗಳನ್ನು ಅಕ್ಕಪಕ್ಕ ಇಡುವುದು ಕ್ರಮ. ಬಲಭಾಗ ಬೇರೆಯಾಗಿದ್ದರೆ ತರಗತಿಯಲ್ಲಿ ಚರ್ಚೆಗೆ ತರಬಹುದು. ಎಡಭಾಗವೇ ಬೇರೆಯಾಗಿದ್ದರೆ ಇಬ್ಬರೂ ಹೊಸ ಪುಟ ತೆಗೆದು ಮತ್ತೆ 30 ನಿಮಿಷ ಹೋಗಿ ನಿಲ್ಲಬೇಕು.