ಪಂಚಮಿಯ ದಿನ ಎರಡು ರೇಸು

ಪಂಚಮಿಗೆ ಅಕ್ಕ ಹುಬ್ಬಳ್ಳಿಯಿಂದ ತವರಿಗೆ ಬಂದಿದ್ದಳು, ಜೊತೆಗೆ ಏಳನೇ ಕ್ಲಾಸಿನ ಮಗ. ಟಿಳಕವಾಡಿಯ ನಮ್ಮ ಮನೆಯಲ್ಲಿ ಅವ್ವ ಉಂಡಿ ಕಟ್ಟುತ್ತಿದ್ದಳು. ಬೆಲ್ಲ ಸಾಲಲಿಲ್ಲ. ಹೊರಗೆ ಬೆಳಗಾವಿಯ ಶ್ರಾವಣದ ಮಳೆ, ಹುಡುಗನಿಗೆ ಬೇಜಾರು. ಅವನ ಕೈಗೆ ನನ್ನ ನಿಂಟೆಂಡೋ ಸ್ವಿಚ್ ಗೇಮ್ ಕನ್ಸೋಲು ಕೊಟ್ಟು ರವಿವಾರ ಪೇಟೆಗೆ ಹೋದೆ. ತಿರುಗಿ ಬರುವುದಕ್ಕೆ ಒಂದು ತಾಸು ಹಿಡಿದಿರಬೇಕು.

"ಮಾಮಾ, ಎರಡು ರೇಸ್ ಆಡೀನಿ! ಒಂದರಾಗ ಮೂರನೇ ನಂಬರ್!"

"ಯಾರ ಜೋಡಿ?"

"ಯಾರಾರೋ. ಜಪಾನದವ್ರೂ ಇದ್ರು."

ಛತ್ರಿ ಮಡಚುವುದನ್ನೂ ಮರೆತು ನಿಂತೆ. "ನೆಟ್ ಹೆಂಗ್ ಹಚ್ಚಿದಿ?"

"ಮ್ಯಾಲೆ ವಿಮಾನದ ಚಿತ್ರ ಇತ್ತು, ತಗದೆ. ಪಾಸ್‌ವರ್ಡ್ ಆಯಿ ಕೊಟ್ಳು."

ಹೌದು, ಅವ್ವನ ಡೈರಿಯಲ್ಲಿ ಗ್ಯಾಸ್ ಬುಕಿಂಗ್ ನಂಬರಿನ ಕೆಳಗೆ ವೈಫೈ ಪಾಸ್‌ವರ್ಡನ್ನು ನಾನೇ ಬರೆದುಕೊಟ್ಟಿದ್ದೆ.

ನನ್ನದು 2017ರ ಮಾದರಿಯ ಸ್ವಿಚ್, ಸೆಕೆಂಡ್ ಹ್ಯಾಂಡ್. ಆ ಮೊದಮೊದಲಿನ ಸ್ವಿಚ್‌ಗಳ ಟೆಗ್ರಾ ಚಿಪ್ಪಿನಲ್ಲಿ ಒಂದು ತಪ್ಪಿದೆ, 2018ರ ಏಪ್ರಿಲ್‌ನಲ್ಲಿ ಬಯಲಿಗೆ ಬಂದದ್ದು. ಅದು ಇರುವುದು ಕಾರ್ಖಾನೆಯಲ್ಲೇ ಬರೆದು ಮುಗಿಸಿದ ಬೂಟ್ ರೋಮ್‌ನಲ್ಲಿ, ಹಾಗಾಗಿ ಯಾವ ಅಪ್‌ಡೇಟಿನಿಂದಲೂ ತಿದ್ದಲಾಗದು. ಬಲಗಡೆಯ ಕಂಟ್ರೋಲರ್ ಕಳಚಿ, ಆ ಹಳಿಯ ತಳದ ಸಣ್ಣ ಪಿನ್ನುಗಳನ್ನು ಮುಟ್ಟಿಸುವ ಉಗುರಿನಷ್ಟು ಪ್ಲಾಸ್ಟಿಕ್ ಚೂರೊಂದನ್ನು ತೂರಿಸಿ ಆನ್ ಮಾಡಿದರೆ, ಕನ್ಸೋಲು ಯುಎಸ್‌ಬಿ ಕೇಬಲ್ಲಿನಿಂದ ನಾವು ಕೊಟ್ಟ ಕೋಡನ್ನು ನುಂಗುತ್ತದೆ, ಆಮೇಲೆ ಕದ್ದ ಗೇಮ್‌ಗಳೂ ಅದರಲ್ಲಿ ಓಡುತ್ತವೆ. ಆ ಚೂರಿಗೆ ಜಿಗ್ ಅನ್ನುತ್ತಾರೆ. ಬ್ಯಾಟರಿ ಪೂರ್ತಿ ಸತ್ತಾಗಲೆಲ್ಲ ಮತ್ತೆ ಬೇಕು. ನನ್ನದು ಸ್ಕೂಟರ್ ಕೀಲಿಯ ಗೊಂಚಲಿನಲ್ಲೇ ನೇತಾಡುತ್ತಿತ್ತು, ಸ್ವಲ್ಪ ಜಂಬಕ್ಕೂ ಇರಬಹುದು.

ಯಾಕೆ ಮಾಡಿದೆ ಅಂದರೆ, ಕಲಿಯುವ ಕುತೂಹಲ ಎಂದು ಗೆಳೆಯರಿಗೆ ಹೇಳುತ್ತಿದ್ದೆ. ಗೇಮ್ ಒಂದಕ್ಕೆ ನಾಲ್ಕು ಸಾವಿರ ಕೊಡಲು ಮನಸ್ಸಿರಲಿಲ್ಲ, ಅಷ್ಟೇ.

ಬಲ್ಲವರು ಇದನ್ನು ಎರಡು ಮನೆ ಮಾಡಿ ನಡೆಸುತ್ತಾರೆ. ಒಳಗಿನ 32 ಜಿಬಿಯನ್ನು ಪೂರ್ತಿಯಾಗಿ ಮೆಮೊರಿ ಕಾರ್ಡಿಗೆ ನಕಲು ಮಾಡಿ, ಆಟಾಟೋಪವೆಲ್ಲ ಆ ನಕಲಿನಲ್ಲಿ. ಮೂಲ ಹಾಗೇ ಶುದ್ಧ. ನನ್ನ ಹತ್ತಿರ ಇದ್ದದ್ದು 64 ಜಿಬಿ ಕಾರ್ಡು. ಅರ್ಧ ಜಾಗ ನಕಲಿಗೇ ಹೋದರೆ ಗೇಮ್ ಎಲ್ಲಿಡಲಿ ಎಂದು ಎಲ್ಲವನ್ನೂ ಮೂಲದ ಮೇಲೇ ಹಾಕಿ, ವಿಮಾನದ ಚಿತ್ರವನ್ನು ನಂಬಿಕೊಂಡು ಕೂತೆ. ಆದರೆ ನೆಟ್ ಇಲ್ಲದಾಗಲೂ ಕನ್ಸೋಲು ಯಾವ ಗೇಮ್ ಯಾವಾಗ ತೆರೆದೆವು, ಎಲ್ಲಿ ಎರರ್ ಬಂತು ಎಂದು ಬರೆದಿಟ್ಟುಕೊಳ್ಳುತ್ತಿರುತ್ತದೆ. ಸಂಪರ್ಕ ಸಿಕ್ಕೊಡನೆ ಆ ಕೂಡಿಟ್ಟ ಚಾಡಿಯನ್ನೆಲ್ಲ ಕಂಪನಿಯ ಸರ್ವರಿಗೆ ಒಪ್ಪಿಸುತ್ತದೆ. ಹುಡುಗ ಆಡಿದ ರೇಸಿಂಗ್ ಗೇಮ್ ನಾನು ದುಡ್ಡು ಕೊಟ್ಟು ತಂದ ಕಾರ್ಟ್ರಿಜ್ಜು, ಆನ್‌ಲೈನ್ ಚಂದಾ ಕನ್ಸೋಲನ್ನು ಹೀಗೆ ಕೆದಕುವ ಮೊದಲೇ ಕಟ್ಟಿದ್ದು. ಅವನ ಕಡೆಯಿಂದ ಎಲ್ಲ ಸಾಚಾ.

ಕೂಡಲೇ ನೆಟ್ ಕಿತ್ತೆ. ಆಮೇಲಿನದು ವಿಚಿತ್ರ ಫಜೀತಿ: ಕಂಪನಿ ಇದನ್ನು ಬ್ಯಾನ್ ಮಾಡಿದೆಯೋ ಇಲ್ಲವೋ ತಿಳಿಯಬೇಕಾದರೆ ಮತ್ತೆ ನೆಟ್ಟಿಗೇ ಹಚ್ಚಬೇಕು. ಮುಟ್ಟದೆ ಕಪಾಟಿನಲ್ಲಿಟ್ಟೆ.

ಚೌತಿಗೆ ಗಣಪತಿ ನೋಡಲು ಹುಡುಗ ಮತ್ತೆ ಬಂದ. ಈ ಸಲ ಇಬ್ಬರೂ ಕೂತು ಹಚ್ಚಿದೆವು. ವೈಫೈ ಸಿಕ್ಕಿತು. ಪರದೆಯ ಮೇಲಿನ ಆನ್‌ಲೈನ್ ಅಂಗಡಿಯ ಕಿತ್ತಳೆ ಗುರುತು ಒತ್ತಿದರೆ ಚಕ್ರ ತಿರುಗಿ ತಿರುಗಿ ಬಂದದ್ದು ಎರರ್ ನಂಬರು 2124-4007. ಈ ಕನ್ಸೋಲಿಗೆ ಆನ್‌ಲೈನ್ ಸೇವೆ ನಿರ್ಬಂಧಿಸಲಾಗಿದೆ ಎಂಬ ಒಂದು ಸಾಲು, ಅಷ್ಟೇ.

"ಹೊಸ ಅಕೌಂಟ್ ತಗಿಯೂಣು ಮಾಮಾ."

ಬಹಿಷ್ಕಾರ ಬಿದ್ದದ್ದು ಅಕೌಂಟಿಗಲ್ಲ, ಡಬ್ಬಿಗೆ. ಪ್ರತಿ ಕನ್ಸೋಲಿಗೂ ಕಾರ್ಖಾನೆಯಲ್ಲೇ ಅದರದೇ ಪ್ರಮಾಣಪತ್ರ ಹಾಕಿರುತ್ತಾರೆ, ಸರ್ವರ್ ಗುರುತು ಹಿಡಿಯುವುದು ಅದನ್ನು. ರೀಸೆಟ್ ಹೊಡೆದರೂ ಅದು ಬದಲಾಗದು. ಕಾರ್ಟ್ರಿಜ್ಜು ಆಡಬಹುದು, ಸಿಸ್ಟಮ್ ಅಪ್‌ಡೇಟೂ ಸಿಗುತ್ತದೆ. ಆದರೆ ಬ್ಯಾಂಕ್ ಕಾರ್ಡಿನಿಂದ ದುಡ್ಡು ಕಟ್ಟಿ ಕೊಂಡು, ಜಾಗ ಸಾಲದೆಂದು ಅಳಿಸಿದ್ದ ನನ್ನ ಎರಡು ಗೇಮ್‌ಗಳನ್ನು ಈ ಡಬ್ಬಿಗೆ ಮತ್ತೆ ಇಳಿಸಿಕೊಳ್ಳಲು ಬಾರದು. ಅಂದರೆ ಕದ್ದವು ಉಳಿದವು, ಕೊಂಡವು ಹೋದವು.

ಅವ್ವ ಬಾಗಿಲಲ್ಲಿ ನಿಂತು ಕೇಳಿದಳು: "ಏನಾತೋ, ಕೆಡ್ತೇನು?"

"ಕೆಟ್ಟಿಲ್ಲ ಬೇ. ಹೊರಗ ಯಾರೂ ಮಾತಾಡ್ಸಂಗಿಲ್ಲ."

ಹಬ್ಬ ಮುಗಿದ ಮೇಲೆ ಖಡೇ ಬಜಾರಿನ ಒಂದು ಅಂಗಡಿಗೆ ಮಾರಲು ಒಯ್ದೆ. ಅಂಗಡಿಯವ ಹಿಂದೆ ಮುಂದೆ ತಿರುಗಿಸಿ ನೋಡಿ ಹನ್ನೊಂದು ಸಾವಿರ ಎಂದ. ಬ್ಯಾನ್ ಆಗಿದೆ ಎಂದೆ.

"ಆನ್ ಆಗ್ತದಲ್ರಿ? ಗಿರಾಕಿ ಅಷ್ಟ ನೋಡ್ತಾನ್ರಿ."

ಕೊಂಡಾಗ ನಾನೂ ಅಷ್ಟೇ ನೋಡಿದ್ದೆ. ಪಿನ್ನಿನಿಂದ ಹಿಡಿದು ಪ್ರಮಾಣಪತ್ರದವರೆಗೆ ವಿವರಿಸಿದೆ. ಕೇಳುತ್ತ ಕೇಳುತ್ತ ಅವನ ಕಣ್ಣು ಗಾಜಿನ ಕಪಾಟಿನ ಕಡೆ ಹೋಯಿತು. ಅಲ್ಲಿ ಇನ್ನೂ ಮೂರು ಸ್ವಿಚ್ ಇದ್ದವು, ಅವೂ ಸೆಕೆಂಡ್ ಹ್ಯಾಂಡೇ. "ಹಂಗಾರ ಇವನ್ನೂ ಒಮ್ಮೆ ನೋಡ್ರಲಾ ಸರ್," ಅಂದ.

ಅವನ ಫೋನಿನ ಹಾಟ್‌ಸ್ಪಾಟ್ ಹಚ್ಚಿ ಒಂದೊಂದಾಗಿ ನೋಡಿದೆ. ಮೊದಲನೆಯದರಲ್ಲಿ ಆನ್‌ಲೈನ್ ಅಂಗಡಿ ಸರಾಗ ತೆರೆಯಿತು. ಎರಡನೆಯದರಲ್ಲಿ ಅದೇ ನಂಬರು. ಮೂರನೆಯದೂ ಸರಿ ಇತ್ತು. ಅವನು ಏನೂ ಅನ್ನಲಿಲ್ಲ. ಆ ಎರಡನೆಯದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಮತ್ತೆ ಕಪಾಟಿನಲ್ಲಿ ಇಟ್ಟ. ಮುಂದಿನ ಸಾಲಿನಲ್ಲೇ.

ನನ್ನದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.