ಕೈಸಾಲದ ಲೆಕ್ಕ, ನಾಣ್ಯದ ಉತ್ತರ

ಕೋಲಾರದ ಸುತ್ತಲಿನ ಟೊಮೆಟೊ ಬೆಳೆಗಾರರಲ್ಲಿ ಎಷ್ಟು ಮನೆಗಳ ಮೇಲೆ ಬಡ್ಡಿಯ ಕೈಸಾಲವಿದೆ ಎಂದು ವಿಚಾರಿಸಿದರೆ ಬಾಯಿಬಿಡುವವರು ಕಡಿಮೆ. ಬೋರ್‌ವೆಲ್ ಕೊರೆಸಿ ನೀರು ಕಾಣದೆ ಹೋದ ಸಾಲವನ್ನಂತೂ ನೆಂಟರೆದುರೂ ಹೇಳಿಕೊಳ್ಳುವುದಿಲ್ಲ. ಯಾರೊಬ್ಬರ ಉತ್ತರವೂ ಬಯಲಾಗದಂತೆ ಲೆಕ್ಕಕ್ಕೆ ಯಾದೃಚ್ಛಿಕತೆ ಬೆರೆಸಿ ಒಟ್ಟು ಅಂಕಿಯನ್ನಷ್ಟೇ ಪಡೆಯುವ ವಿಧಾನಕ್ಕೆ ಡಿಫರೆನ್ಷಿಯಲ್ ಪ್ರೈವಸಿ ಎನ್ನುತ್ತಾರೆ. ಅದರ ಎರಡು ಮಾದರಿಗಳನ್ನು ಬೆರೆಸುವ ಬಗ್ಗೆ ಓದುವಾಗ ಇದನ್ನೇ ಉದಾಹರಣೆಯಾಗಿಟ್ಟುಕೊಂಡು ಲೆಕ್ಕ ಹಾಕಿ ನೋಡಿದೆ.

ಸಾವಿರ ಮನೆಗಳಿವೆ ಎಂದುಕೊಳ್ಳೋಣ. ಲೋಕಲ್ ಮಾದರಿಯಲ್ಲಿ ಪ್ರತಿಯೊಬ್ಬರೂ ಗುಟ್ಟಾಗಿ ನಾಣ್ಯ ಚಿಮ್ಮುತ್ತಾರೆ. ಹೆಡ್ ಬಿದ್ದರೆ ನಿಜ ಹೇಳುತ್ತಾರೆ, ಟೇಲ್ ಬಿದ್ದರೆ ಮತ್ತೊಮ್ಮೆ ಚಿಮ್ಮಿ ಹೆಡ್‌ಗೆ ‘ಹೌದು’, ಟೇಲ್‌ಗೆ ‘ಇಲ್ಲ’ ಎನ್ನುತ್ತಾರೆ. 400 ಮಂದಿ ‘ಹೌದು’ ಎಂದರೆ, ಬರೀ ನಾಣ್ಯ ಹೇಳಿಸಿದ ‘ಹೌದು’ಗಳ ಪಾಲಾದ 250ನ್ನು (ಸಾವಿರದ ಕಾಲು ಭಾಗ) ಕಳೆದು, ನಿಜ ಹೇಳಿದವರು ಅರ್ಧದಷ್ಟೇ ಆದ್ದರಿಂದ ಉಳಿದದ್ದನ್ನು ಇಮ್ಮಡಿಸಿದಾಗ ಸಾಲವಿರುವ ಮನೆಗಳು ಸುಮಾರು 300 ಎಂದಾಗುತ್ತದೆ. ಸಂಶೋಧಕ ವಾರ್ನರ್ 1965ರಲ್ಲಿ ಮುಂದಿಟ್ಟ ವಿಧಾನದ ಒಂದು ರೂಪವಿದು. ಇಲ್ಲಿ ಎಣಿಕೆ ಸಾಮಾನ್ಯವಾಗಿ 27 ಮನೆಗಳಷ್ಟು ಆಚೀಚೆಯಾಗುತ್ತದೆ. ಸೆಂಟ್ರಲ್ ಮಾದರಿಯಲ್ಲಾದರೋ ಎಲ್ಲರೂ ನಂಬಿಕಸ್ಥ ಲೆಕ್ಕಿಗನೊಬ್ಬನಿಗೆ ನಿಜವನ್ನೇ ಹೇಳುತ್ತಾರೆ, ಅವನು ಮೊತ್ತಕ್ಕೆ ಮಾತ್ರ ಚಿಕ್ಕದೊಂದು ಯಾದೃಚ್ಛಿಕ ಸಂಖ್ಯೆಯನ್ನು ಸೇರಿಸಿ ಪ್ರಕಟಿಸುತ್ತಾನೆ. ಅಷ್ಟೇ ಮಟ್ಟದ ರಕ್ಷಣೆಗೆ ಏರುಪೇರು ಒಂದೆರಡು ಮನೆ.

ಈಗ 200 ಮನೆಯವರು ಲೆಕ್ಕಿಗನನ್ನು ನಂಬುತ್ತಾರೆ, ಉಳಿದ 800 ಮನೆಯವರು ನಾಣ್ಯವನ್ನೇ ನೆಚ್ಚುತ್ತಾರೆ ಎನ್ನಿ. ಎರಡೂ ಮೊತ್ತಗಳನ್ನು ಕೂಡಿಸಿದರೆ ಏರುಪೇರು 27ರಿಂದ ಸುಮಾರು 24ಕ್ಕೆ ಇಳಿಯುತ್ತದೆ, ಅಷ್ಟೆ. ಇಷ್ಟಕ್ಕೆ ಇಷ್ಟೆಲ್ಲ ಏಕೆ ಎಂದು ನನಗೂ ಅನ್ನಿಸಿತು. ಆ 200 ಮನೆಗಳಿಂದಲೇ ಸಾವಿರವನ್ನು ಊಹಿಸೋಣವೆಂದರೆ, ಸಾಲವಿಲ್ಲದವರೇ ಸಲೀಸಾಗಿ ಲೆಕ್ಕಿಗನನ್ನು ನಂಬುವ ಸಂಭವ ಹೆಚ್ಚು, ಹಾಗಾಗಿ ಊಹೆ ತಪ್ಪುತ್ತದೆ.

ಬೆರಕೆಯ ನಿಜವಾದ ಪ್ರಯೋಜನ ಬೇರೆ ಕಡೆ ಇದೆ. ‘ಸಾಲ ಯಾತಕ್ಕೆ?’ ಎಂದು ಕೇಳಿದರೆ ಸಾಧ್ಯ ಉತ್ತರಗಳು ನೂರಾರು. ಪಟ್ಟಿ ಉದ್ದವಾದಷ್ಟೂ ನಾಣ್ಯದ ಗದ್ದಲದಲ್ಲಿ ನಿಜವಾದ ಉತ್ತರ ಮುಳುಗಿಹೋಗುತ್ತದೆ. 2017ರಲ್ಲಿ ಪ್ರಕಟವಾದ ಬ್ಲೆಂಡರ್ ಎಂಬ ವಿಧಾನವು ನಂಬುವ ಗುಂಪಿನಿಂದ ಮೊದಲು ಹೆಚ್ಚಾಗಿ ಬರುವ ಉತ್ತರಗಳ ಕಿರುಪಟ್ಟಿಯನ್ನು ಪಡೆದು, ಆಮೇಲೆ ಎರಡೂ ಗುಂಪುಗಳಿಂದ ಅಂದಾಜು ಮಾಡಿ, ಯಾವ ಅಂದಾಜಿನಲ್ಲಿ ಏರುಪೇರು ಕಡಿಮೆಯೋ ಅದಕ್ಕೆ ಹೆಚ್ಚು ತೂಕ ಕೊಡುತ್ತದೆ. ನಮ್ಮ ಲೆಕ್ಕದಲ್ಲಾದರೆ ಬೋರ್‌ವೆಲ್, ಡ್ರಿಪ್, ಮದುವೆ, ಆಸ್ಪತ್ರೆ ಎಂಬ ನಾಲ್ಕು ಬಾಬ್ತುಗಳೂ ಒಂದು ‘ಇತರೆ’ಯೂ ಸಾಕಾದೀತು.

ಈ ಕಿರುಪಟ್ಟಿಯನ್ನೂ ಗದ್ದಲ, ಅಂದರೆ ಯಾದೃಚ್ಛಿಕ ಸಂಖ್ಯೆ, ಸೇರಿಸಿಯೇ ಸೋಸಬೇಕು. ಒಂದೇ ಮನೆಯವರು ಹೇಳಿದ ಕಾರಣ ಪಟ್ಟಿಯಲ್ಲಿ ಕಂಡರೆ ಅದು ಯಾರ ಮನೆಯೆಂದು ಊರಿಗೇ ಗೊತ್ತಾಗುತ್ತದೆ. ಇನ್ನು 800 ಮನೆಗಳ ಅಂದಾಜಿನಲ್ಲಿ ‘ಇತರೆ’ಯೇ ಉಬ್ಬಿಕೊಂಡು ಬಂದರೆ, ಅವರು ಸಾಲ ಮಾಡಿದ ಕಾರಣ ನಂಬಿದ 200 ಮನೆಗಳ ಪಟ್ಟಿಯಲ್ಲೇ ಇರಲಿಲ್ಲವೆಂದು ತಿಳಿದು, ಪಟ್ಟಿಯನ್ನು ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ.