‘ಇದ್ರಾಗ ಕಲಬುರಗಿ ಸ್ಟೇಷನ್ ಬರ್ತದೇನ್ರಿ?’

ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಗೆ ಬಂದವರು ನನ್ನ ಕೋಣೆಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಮೇಜಿನ ಮೇಲಿನ ಹಸಿರು ಪೆಟ್ಟಿಗೆ. ಅಗಲವಾದ ಡಯಲ್, ಸುತ್ತ ಗುಂಡಿಗಳು, ಮುಳ್ಳು ಕುಣಿಯುವ ಒಂದು ಮೀಟರ್. ತುಸು ಹೊತ್ತು ನೋಡುತ್ತಾರೆ. ಆಮೇಲೆ ಎಲ್ಲರದೂ ಒಂದೇ ಪ್ರಶ್ನೆ: ‘ಇದ್ರಾಗ ಕಲಬುರಗಿ ಸ್ಟೇಷನ್ ಬರ್ತದೇನ್ರಿ?’

ಬರೋದಿಲ್ಲ. ವಿವಿಧ ಭಾರತಿಯೂ ಬರೋದಿಲ್ಲ. ರಾತ್ರಿ ಡಯಲ್ಲಿನ ಒಂದು ಮೂಲೆಯಲ್ಲಿ ಪರದೇಶದ ಒಂದೆರಡು ಸ್ಟೇಷನ್ ನುಸುಳುವುದುಂಟು, ಅಷ್ಟೇ. ಹಾಗಂದ ಕೂಡಲೇ ‘ಮತ್ತ ಯಾಕ ಇಟ್ಟೀರಿ?’ ಅನ್ನುತ್ತಾರೆ. ಇದಕ್ಕೆ ಬಾಗಿಲಲ್ಲಿ ನಿಂತು ಉತ್ತರ ಹೇಳಲು ಆಗೋದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದರ ಹೆಸರು ಹೀತ್‌ಕಿಟ್ ಎಚ್‌ಆರ್-10ಬಿ. ಹ್ಯಾಮ್ ರೇಡಿಯೊದವರಿಗೆ, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಒಬ್ಬರಿಗೊಬ್ಬರು ಮಾತಾಡುವವರಿಗೆ, ಅಂತಲೇ ಮಾಡಿದ ವಾಲ್ವ್ ರಿಸೀವರ್. ನಾವೆಲ್ಲ ಕೇಳಿ ಬೆಳೆದ ಕಲಬುರಗಿ ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ 1107 ಕಿಲೋಹರ್ಟ್ಸ್. ಈ ಪೆಟ್ಟಿಗೆಗೆ ಕೇಳಿಸಲು ಶುರುವಾಗುವುದೇ 3500ರಿಂದ. ಅಲ್ಲಿಂದ ಮೇಲೂ ಐದು ತುಂಡು ಮಾತ್ರ, ಅಲೆಯ ಉದ್ದದ ಲೆಕ್ಕದಲ್ಲಿ ಹೇಳಿದರೆ 80, 40, 20, 15, 10 ಮೀಟರ್ ಬ್ಯಾಂಡ್. ಮನೆಯ ಶಾರ್ಟ್ ವೇವ್ ರೇಡಿಯೊದಲ್ಲಿ 40 ಮೀಟರ್ ಬ್ಯಾಂಡು ಗುಂಡಿಯನ್ನು ಸ್ವಲ್ಪ ಮುಟ್ಟುವುದರೊಳಗೆ ದಾಟಿಹೋಗುತ್ತದೆ. ಇದರಲ್ಲಿ ಅದೇ ಬ್ಯಾಂಡು ಡಯಲ್ಲಿನ ಈ ತುದಿಯಿಂದ ಆ ತುದಿವರೆಗೆ ಹರಡಿದೆ. ಒತ್ತಿಕೊಂಡು ಕೂತು ಮಾತಾಡುವ ಇಷ್ಟೊಂದು ಜನರನ್ನು ಬಿಡಿಸಿ ಕೇಳಬೇಕಾದರೆ ಅಷ್ಟು ಜಾಗ ಬೇಕೇ ಬೇಕು.

ಇದನ್ನು ಜೋಡಿಸಿದವರು ನಮ್ಮ ಕಾಕಾ. ಅಮೆರಿಕದಲ್ಲಿ ಓದುತ್ತಿದ್ದಾಗ, 1971ರಲ್ಲಿ, ಹಾಸ್ಟೆಲ್ ಕೋಣೆಯಲ್ಲಿ ಕೂತು ಮಾಡಿದ್ದು. ಹೀತ್ ಕಂಪನಿ ಮಿಶಿಗನ್ ರಾಜ್ಯದ ಬೆಂಟನ್ ಹಾರ್ಬರ್‌ನಲ್ಲಿತ್ತು. ಮೊದಲು ವಿಮಾನದ ಕಿಟ್, ಅಂದರೆ ಕೊಂಡವರೇ ಜೋಡಿಸಿಕೊಳ್ಳುವ ಬಿಡಿಭಾಗಗಳ ಕಟ್ಟು, ಮಾರುತ್ತಿದ್ದ ಕಂಪನಿ ಅದು. ಎರಡನೇ ಮಹಾಯುದ್ಧ ಮುಗಿದಾಗ ಮಿಲಿಟರಿಯಲ್ಲಿ ಉಳಿದ ಬಿಡಿಭಾಗ ಕೊಂಡು, 1947ರಲ್ಲಿ ಆಸಿಲೋಸ್ಕೋಪ್ (ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಕಿಟ್ ತಂದಿತು. ಅಲ್ಲಿಂದ 1992ರವರೆಗೆ ಎಷ್ಟೋ ಮಂದಿ ಅವರ ಕಿಟ್ ಕೊಂಡೇ ಎಲೆಕ್ಟ್ರಾನಿಕ್ಸ್ ಕಲಿತರು. ಪೆಟ್ಟಿಗೆ ಬಿಚ್ಚಿದರೆ ಚಾಸಿ, ಕಾಯಿಲ್, ವಾಲ್ವ್, ಕಂಡೆನ್ಸರ್, ತಂತಿಯ ಸುರುಳಿ, ಜೊತೆಗೆ ಒಂದು ಮ್ಯಾನುಯಲ್.

ಆ ಮ್ಯಾನುಯಲ್ ಬಗ್ಗೆ ಹೇಳಲೇಬೇಕು. ಪ್ರತಿ ಕೆಲಸದ ಮುಂದೆ ಒಂದು ಖಾಲಿ ಕಂಸ. ಮುಗಿದರೆ ಅಲ್ಲಿ ಗುರುತು ಹಾಕಬೇಕು. ಸಾಲಿನ ಕೊನೆಗೆ ‘ಎನ್‌ಎಸ್’ ಅಂತಿದ್ದರೆ ಈಗಲೇ ಸೋಲ್ಡರ್ ಮಾಡಬೇಡ, ಇನ್ನೊಂದು ತಂತಿ ಬರುವುದಿದೆ ಎಂದರ್ಥ. ‘ಎಸ್-2’ ಅಂತಿದ್ದರೆ ಅಲ್ಲಿ ಎರಡು ತಂತಿ ಸೇರಿವೆ, ಎಣಿಸಿ ನೋಡಿ ಸೋಲ್ಡರ್ ಮಾಡು ಎಂದು. ವಿದ್ಯೆ ಇಲ್ಲದವನನ್ನೂ ಕೈಹಿಡಿದು ನಡೆಸುವ ಹಾಗೆ ಬರೆದಿದ್ದಾರೆ. ಇಷ್ಟು ಕಾಳಜಿಯಿಂದ ಬರೆದ ಪುಸ್ತಕ ನಾನು ಬೇರೆ ನೋಡಿಲ್ಲ.

ಕಾಕಾ ತೀರಿಕೊಂಡ ಮೇಲೆ ಕಾಕು ಈ ರಿಸೀವರನ್ನೂ ಮ್ಯಾನುಯಲ್ಲನ್ನೂ ನನಗೆ ಕೊಟ್ಟರು. ಹಚ್ಚಿದರೆ 40 ಮೀಟರಿನಲ್ಲಿ ದನಿ ಬರುವುದು, ಹೋಗುವುದು. ಪೆಟ್ಟಿಗೆ ತಟ್ಟಿದರೆ ಮತ್ತೆ ಬರುವುದು. ಒಬ್ಬ ಮೆಕ್ಯಾನಿಕ್ಕು ನೋಡಿ, ಗುಜರಿಗೆ ಹಾಕ್ರಿ ಅಂದರು. ನನಗೆ ಮನಸ್ಸಾಗಲಿಲ್ಲ. ಮ್ಯಾನುಯಲ್ ತೆಗೆದು ಮೊದಲ ಪುಟದಿಂದ ಕೂತೆ. ಕಾಕಾ ಪೆನ್ಸಿಲಿನಲ್ಲಿ ಹಾಕಿದ ಗುರುತುಗಳು ಸಾಲಾಗಿ ಇದ್ದವು. ಚಿಕ್ಕವು, ಒಂದೇ ಅಳತೆಯವು. ನಾನು ಒಂದೊಂದು ಸಾಲು ಓದುತ್ತ ಚಾಸಿಯ ಕೆಳಗೆ ಟಾರ್ಚ್ ಹಿಡಿದು ಆ ತಂತಿ ಹುಡುಕುತ್ತಿದ್ದೆ. ನಾಲ್ಕನೇ ಸಂಜೆ ಒಂದು ಕಂಸ ಖಾಲಿ ಸಿಕ್ಕಿತು. ಬ್ಯಾಂಡ್ ಸ್ವಿಚ್ಚಿನ ಒಂದು ಕಾಲು, ‘ಎಸ್-2’. ಹೋಗಿ ನೋಡಿದರೆ ಎರಡು ತಂತಿಯಲ್ಲಿ ಒಂದಕ್ಕೆ ಮಾತ್ರ ಸೋಲ್ಡರ್ ಹತ್ತಿತ್ತು. ಇನ್ನೊಂದು ಸುಮ್ನೆ ಕೊಂಡಿ ಹಾಕಿಕೊಂಡು ಕೂತಿತ್ತು. ಸುತ್ತಲೂ ಕಪ್ಪು ಹಿಡಿದಿತ್ತು. ಯಾರೋ ಕರೆದರೇನೋ, ಊಟಕ್ಕೆ ಎದ್ದು ಹೋದರೇನೋ. ಅಷ್ಟು ವರ್ಷ ಆ ತಂತಿ ಬರೀ ತಾಗಿಕೊಂಡೇ ಕೆಲಸ ಮಾಡಿದೆ. ಕೆರೆದು, ಕಾಯಿಸಿ, ಸೋಲ್ಡರ್ ಬಿಟ್ಟೆ. ಆಮೇಲೆ ಪೆನ್ಸಿಲ್ ತೆಗೆದು ಆ ಕಂಸದಲ್ಲಿ ಗುರುತು ಹಾಕಿದೆ. ಕಣ್ಣು ತುಂಬಿ ಬಂತು.

ಈಗ ದಿನಾ ಬೆಳಿಗ್ಗೆ ಹಚ್ಚುತ್ತೇನೆ. ವಾಲ್ವ್ ಕಾದು ಬಿಸಿಯಾಗಲು ಅರ್ಧ ತಾಸು ಬೇಕು. ಅಲ್ಲಿಯವರೆಗೆ ಫ್ರೀಕ್ವೆನ್ಸಿ ಮೆಲ್ಲಗೆ ಸರಿಯುತ್ತಲೇ ಇರುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಇನ್ನೂ ಜಾಸ್ತಿ. ಹ್ಯಾಮ್‌ಗಳು ಮಾತಾಡುವ ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್) ದನಿ ಮೊದಲಿಗೆ ಮೂಗು ಹಿಡಿದುಕೊಂಡು ಮಾತಾಡಿದ ಹಾಗೆ ಕೇಳುತ್ತದೆ, ಒಂದಕ್ಷರ ತಿಳಿಯದು. ಯಾಕಂದರೆ ಆಕಾಶವಾಣಿ ದನಿಯ ಜೊತೆಗೆ ಅದನ್ನು ಹೊರುವ ಒಂದು ಅಲೆ, ಕ್ಯಾರಿಯರ್, ಕಳಿಸುತ್ತದೆ, ಇವರು ಪವರ್ ಉಳಿಸಲು ಅದನ್ನು ಕಳಿಸೋದಿಲ್ಲ. ಅದನ್ನು ರಿಸೀವರೇ ಹುಟ್ಟಿಸಿ ಸೇರಿಸಬೇಕು. ಅದಕ್ಕೆ ಬಿಎಫ್‌ಒ ಎಂಬ ಗುಂಡಿ ಇದೆ. ಎರಡು ಬೆರಳಲ್ಲಿ ಹಿಡಿದು ಎಳ್ಳಷ್ಟು ತಿರುಗಿಸಿದರೆ ಆ ಗೊಗ್ಗರು ದನಿಯೊಳಗಿಂದ ಒಬ್ಬ ಮನುಷ್ಯ ಹೊರಗೆ ಬರುತ್ತಾನೆ. ವಯಸ್ಸು ಗೊತ್ತಾಗುತ್ತದೆ, ಊರು ಗೊತ್ತಾಗುತ್ತದೆ, ನೆಗಡಿಯಾಗಿದ್ದರೆ ಅದೂ ಗೊತ್ತಾಗುತ್ತದೆ.

ಪಕ್ಕದ ಮನೆ ಆಯಿ ಒಂದು ದಿನ ಬಂದು ಕೂತರು. ಹೈದರಾಬಾದಿನವರೊಬ್ಬರು ಮಂಗಳೂರಿನವರ ಜೋಡಿ ಮಳೆ ವಿಷಯ ಮಾತಾಡುತ್ತಿದ್ದರು. ಆಯಿ ಕಿವಿಗೊಟ್ಟು ಕೇಳಿ, ‘ಇವ್ರು ಯಾರಿಗಿ ಹೇಳ್ಲಕತ್ತಾರ?’ ಅಂದರು. ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದಾರೆ ಆಯಿ, ಅಂದೆ. ಅವರು ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತರು, ಯಾರದೋ ಮನೆಗೆ ಹೋದಾಗ ಕೂರುವ ಹಾಗೆ. ಸ್ಟೇಷನ್ ಬರದ ರೇಡಿಯೊವನ್ನು ಯಾಕೆ ಇಟ್ಟಿದ್ದೇನೆ ಅಂದರೆ ಇದಕ್ಕೇ. ಇಲ್ಲಿ ಹಾಡೂ ಇಲ್ಲ, ಜಾಹೀರಾತೂ ಇಲ್ಲ. ಎಲ್ಲೆಲ್ಲೋ ಇರುವ ಜನ ತಮ್ಮ ಕೈಯಾರೆ ಕಟ್ಟಿದ ತಂತಿಯಿಂದ ಒಬ್ಬರನ್ನೊಬ್ಬರು ಕರೆಯುತ್ತಿರುತ್ತಾರೆ. ಉತ್ತರ ಕೊಡಲು ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು ಕಾಲ್‌ಸೈನ್; ನನ್ನದು ವಿಯು3 ಎಂದು ಶುರುವಾಗುತ್ತದೆ. ಆದರೂ ನಾನು ಮಾತಾಡುವುದಕ್ಕಿಂತ ಕೇಳುವುದೇ ಜಾಸ್ತಿ.

ಊರೊಳಗೆ ಈಗ ಗದ್ದಲ ಬಹಳ. ಎಲ್‌ಇಡಿ ಬಲ್ಬು, ಚಾರ್ಜರುಗಳ ಗುಂಯ್‌ಗುಟ್ಟುವಿಕೆಗೆ ಮೀಟರಿನ ಮುಳ್ಳು ಅರ್ಧದ ಮೇಲೇ ನಿಂತಿರುತ್ತದೆ. ಹೋದ ಡಿಸೆಂಬರಿನಲ್ಲಿ ರಿಸೀವರನ್ನು ಕೌದಿಯಲ್ಲಿ ಸುತ್ತಿ ಆಳಂದ ಕಡೆಯ ನಮ್ಮ ಹೊಲದ ಮನೆಗೆ ಒಯ್ದೆ. ಬೇವಿನ ಮರಕ್ಕೆ ಒಟ್ಟು 66 ಅಡಿಯ ತಂತಿ ಕಟ್ಟಿದೆ, ನಡುವಿನಿಂದ ಎರಡೂ ಕಡೆ 33 ಅಡಿ ಇಳಿಬಿಟ್ಟು. ಸುತ್ತಲೂ ತೊಗರಿ. ದೂರದ ಸಿಗ್ನಲ್ಲುಗಳನ್ನು ನುಂಗುವ ಆಕಾಶದ ಒಂದು ಪದರ ಬಿಸಿಲಿಗೆ ಹುಟ್ಟಿ ಕತ್ತಲಾದರೆ ಕರಗುತ್ತದೆ. ಹೊತ್ತು ಮುಳುಗಿದ ಮೇಲೆ ಸ್ಪೀಕರಿನಲ್ಲಿ ಬರೀ ಮೆಲ್ಲನೆಯ ಉಸಿರಿನಂಥ ಸದ್ದು. ಅದರ ಒಳಗೆ, ಬಹಳ ಸಣ್ಣಗೆ, ಜಪಾನಿನ ಒಬ್ಬರ ಮೋರ್ಸ್ ಸಂಕೇತದ ಸದ್ದು. ಕಾಲ್‌ಸೈನ್ ಬರೆದುಕೊಳ್ಳುವಾಗ ಕೈ ನಡುಗುತ್ತಿತ್ತು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದು ಇದ್ದರೆ ಒಂದು ಮಾತು. ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಇದು ಅಮೆರಿಕದ 120 ವೋಲ್ಟಿನದು, ನಮ್ಮ 230ಕ್ಕೆ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಮೊದಲ ಸಲ ಕರೆಂಟಿನ ದಾರಿಯಲ್ಲಿ ಸೀರೀಸ್ ಆಗಿ ಒಂದು ಹಳೆಯ ಫಿಲಮೆಂಟ್ ಬಲ್ಬ್ ಇಟ್ಟು ಹಚ್ಚಿ. ಹಳೆಯ ಫಿಲ್ಟರ್ ಕಂಡೆನ್ಸರ್ ಬದಲಿಸಿ. ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ, ಮೈಮರೆತು ಕೈ ಹಾಕಬೇಡಿ. ವಾಲ್ವ್ ಹೋಗಿದ್ದರೆ ಹಳೆಯ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ. ಎಲ್ಲಕ್ಕಿಂತ ಮೊದಲು ಮ್ಯಾನುಯಲ್ ಹುಡುಕಿ. ಗುರುತು ಹಾಕದ ಕಂಸ ಎಲ್ಲಿದೆ ನೋಡಿ.